ಬರ ಉಳುವವನಿಗೆ, ಪರಿಹಾರ ಪಹಣಿಗೆ

ಬೆಳೆ ಒಣಗಿದಾಗ ಸರ್ಕಾರ ಕೊಡುವ ಪರಿಹಾರದ ಹಣ ಯಾರ ಕೈ ಸೇರಬೇಕು? ಬಿತ್ತಿದವನ ಕೈ, ಬೀಜ ಗೊಬ್ಬರಕ್ಕೆ ಸಾಲ ಮಾಡಿದವನ ಕೈ ಸೇರಬೇಕೆಂದು ದಾರಿಯಲ್ಲಿ ಹೋಗುವ ಯಾರನ್ನು ನಿಲ್ಲಿಸಿ ಕೇಳಿದರೂ ಹೇಳಿಯಾರು. ಆದರೆ ನಮ್ಮ ರಾಜ್ಯದಲ್ಲಿ ಆ ಹಣ ಹಾಗೆ ಸೇರುತ್ತಿಲ್ಲ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರ ಬ್ಯಾಂಕ್ ಖಾತೆಗೆ ಅದು ಹೋಗಿ ಬೀಳುತ್ತದೆ. ಹೆಸರಿನವನೂ ನೇಗಿಲಿನವನೂ ಒಬ್ಬನೇ ಆಗಿದ್ದರೆ ಸರಿ. ಬೇರೆ ಬೇರೆಯಾಗಿದ್ದರೆ ಬರವೆಲ್ಲ ಒಬ್ಬನ ಪಾಲು, ಪರಿಹಾರವೆಲ್ಲ ಇನ್ನೊಬ್ಬನ ಪಾಲು. ಈ ಅನ್ಯಾಯದ ಬಗ್ಗೆ ವಿಧಾನಸೌಧದಲ್ಲಿ ಮಾತಾಡುವವರು ಕಡಿಮೆ. ಆದುದರಿಂದ ನಾವು ಈ ವಾರ ಇದನ್ನೇ ಎತ್ತಿಕೊಂಡಿದ್ದೇವೆ.

2023ರ ಬರಗಾಲ ವಾಚಕರಿಗೆ ಮರೆತಿರಲಾರದು. ಬರಗಾಲದಲ್ಲಿ ಅಧಿಕಮಾಸ ಎಂಬುದು ಗಾದೆ. ಆ ವರ್ಷ ಪಂಚಾಂಗದಲ್ಲಿಯೂ ಅಧಿಕ ಶ್ರಾವಣವೇ ಬಂದಿತ್ತು. ಆಗಸ್ಟ್ ತಿಂಗಳಿನಲ್ಲಿ ಮಳೆ ಕಣ್ಣುಮುಚ್ಚಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ಪಟ್ಟಿ ಬೆಳೆಯುತ್ತ ಹೋಗಿ ನವೆಂಬರಿನ ಹೊತ್ತಿಗೆ 236 ತಾಲ್ಲೂಕುಗಳಲ್ಲಿ 223 ಅದರೊಳಗೆ ಬಂದವು. 48 ಲಕ್ಷ ಹೆಕ್ಟೇರಿಗೂ ಮಿಕ್ಕ ಬೆಳೆ ಹಾಳಾಯಿತೆಂದು ಲೆಕ್ಕ ಹಾಕಿ ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿ ಕೇಳಿತು. ದೆಹಲಿಯಿಂದ ತಂಡ ಬಂದಿತು, ನೋಡಿತು, ಹೋಯಿತು. ತಿಂಗಳುಗಳು ಉರುಳಿದವು. ರಾಜ್ಯ ಸರ್ಕಾರ ಮೊದಲ ಕಂತೆಂದು ರೈತನೊಬ್ಬನಿಗೆ 2,000 ರೂಪಾಯಿಯವರೆಗೆ ಕೊಟ್ಟು, ಉಳಿದದ್ದಕ್ಕಾಗಿ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಒಂದು ರಾಜ್ಯದ ಸರ್ಕಾರವೇ ಬರ ಪರಿಹಾರಕ್ಕಾಗಿ ಕಕ್ಷಿದಾರನಂತೆ ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತೆಂದರೆ ಒಕ್ಕೂಟ ವ್ಯವಸ್ಥೆಯ ಗತಿ ಏನೆಂಬುದು ಬೇರೊಂದು ಲೇಖನಕ್ಕೆ ಸಾಕಾಗುವ ಸಂಗತಿ.

ದೆಹಲಿ ಕೊಟ್ಟದ್ದು ಕಡಿಮೆ, ತಡ ಎಂದು ಬೆಂಗಳೂರಿನವರು ಹೇಳಿದರು. ಅದು ನಿಜ. ಲೆಕ್ಕ ಸರಿಯಿರಲಿಲ್ಲ ಎಂದು ದೆಹಲಿಯ ಕಡೆಯವರು ಹೇಳಿದರು. ಚುನಾವಣೆಯ ಕಾಲ, ಎರಡೂ ಕಡೆಯ ಭಾಷಣಗಳು ನಮ್ಮ ಊರಿನ ಮೈದಾನದಲ್ಲಿಯೂ ಕೇಳಿಬಂದವು. ಆದರೆ ಬಂದಷ್ಟು ಹಣವಾದರೂ ಯಾರಿಗೆ ಹೋಯಿತು ಎಂಬ ಪ್ರಶ್ನೆಯನ್ನು ಎರಡೂ ಕಡೆಯವರು ಎತ್ತಲಿಲ್ಲ.

ಮೊದಲು ದರದ ವಿಷಯ ತಿಳಿಯೋಣ. 2022ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ನಿಯಮದಂತೆ, ಬೆಳೆಯ ನೂರಕ್ಕೆ 33 ಪಾಲು ಅಥವಾ ಅದಕ್ಕಿಂತ ಹೆಚ್ಚು ನಷ್ಟವಾಗಿದ್ದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ತೋಟದಂಥ ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿಗೆ ಮಾತ್ರ. ಹೆಕ್ಟೇರಿನ ಲೆಕ್ಕ ನಮ್ಮ ಹೊಲಗಳಿಗೆ ಅನ್ಯಭಾಷೆ. ಎಕರೆಗೆ ಇಳಿಸಿದರೆ ಮಳೆಯಾಶ್ರಿತ ಮೆಕ್ಕೆಜೋಳಕ್ಕೆ 3,440 ರೂಪಾಯಿಯ ಆಸುಪಾಸು. ಒಂದು ಚೀಲ ಡಿ.ಎ.ಪಿ. ಗೊಬ್ಬರದ ಬೆಲೆ ಆ ವರ್ಷ 1,350 ರೂಪಾಯಿ. ಅಂದರೆ ಎಕರೆಯ ಪರಿಹಾರ ಎರಡೂವರೆ ಚೀಲ ಗೊಬ್ಬರಕ್ಕೆ ಸಮ. ಬೀಜ, ಯೂರಿಯಾ, ಟ್ರ್ಯಾಕ್ಟರಿನ ಬಾಡಿಗೆ, ಕಳೆ ತೆಗೆದ ಹೆಣ್ಣಾಳಿನ ಕೂಲಿ ಇವು ಯಾವುದೂ ಆ ಲೆಕ್ಕದಲ್ಲಿ ಹಿಡಿಯುವುದಿಲ್ಲ.

ಇಷ್ಟು ಸಣ್ಣ ಹಣಕ್ಕಾಗಿ ಇಷ್ಟು ದೊಡ್ಡ ಮಾತೇಕೆ ಎಂದು ಯಾರಾದರೂ ಕೇಳಬಹುದು. ಹಣ ಸಣ್ಣದಾದಷ್ಟೂ ಅದು ತಪ್ಪು ಕೈಗೆ ಹೋದಾಗ ನೋವು ದೊಡ್ಡದು ಎಂಬುದನ್ನು ತಿಳಿಯಬೇಕಾದರೆ ಹಳ್ಳಿಗೆ ಹೋಗಿ ನೋಡಬೇಕು.

ನಮ್ಮ ಜಿಲ್ಲೆಯ ಬಯಲು ಸೀಮೆಯ ಒಂದು ಹಳ್ಳಿಗೆ ಈಚೆಗೆ ನಾವು ಸಂಘಟನೆಯ ಕೆಲಸಕ್ಕೆ ಹೋಗಿದ್ದೆವು. ಅಲ್ಲಿ ಒಬ್ಬ ರೈತ; ಊರೂ ಹೆಸರೂ ಬೇಡ, ಏಕೆ ಬೇಡವೆಂಬುದನ್ನು ಮುಂದೆ ಹೇಳುತ್ತೇವೆ. ಅವನಿಗೆ ಸ್ವಂತಕ್ಕೆ ಒಂದು ಎಕರೆ. ಪಕ್ಕದ ನಾಲ್ಕು ಎಕರೆಯನ್ನು ಗುತ್ತಿಗೆಗೆ ಮಾಡುತ್ತಾನೆ. ಆ ನಾಲ್ಕು ಎಕರೆಯ ಒಡೆಯರು ಪಟ್ಟಣದಲ್ಲಿದ್ದಾರೆ, ಬೇರೆ ಆದಾಯವಿದೆ, ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ. 2023ರ ಯುಗಾದಿಗೆ ಇವನು ಗುತ್ತಿಗೆಯ ಹಣವನ್ನು ಮುಂಗಡವಾಗಿಯೇ ಎಣಿಸಿದ್ದ. ಐದೂ ಎಕರೆಗೆ ಮೆಕ್ಕೆಜೋಳ ಹಾಕಿದ. ಮೊಣಕಾಲುದ್ದ ಬಂದ ಬೆಳೆ ನಿಂತಲ್ಲೇ ಬಾಡಿತು. ಕೊನೆಗೆ ದನಕ್ಕೆ ಕೊಯ್ದು ಹಾಕಿದ. ಪರಿಹಾರ ಬಂದಾಗ ಅವನ ಖಾತೆಗೆ ಬಂದದ್ದು ಆ ಒಂದು ಎಕರೆಯದು. ನಾಲ್ಕು ಎಕರೆಯದು, ಹತ್ತಿರ ಹತ್ತಿರ 13,760 ರೂಪಾಯಿ, ಪಟ್ಟಣದ ಖಾತೆಗೆ ಹೋಯಿತು. ಇವನು ಹೋಗಿ ಕೇಳಿದ್ದಕ್ಕೆ ಅವರು, ‘ನನ್ನ ಹೆಸರಿಗೆ ಸರ್ಕಾರ ಹಾಕಿದೆ, ನಾನೇನು ಅರ್ಜಿ ಕೊಟ್ಟು ತರಿಸಿಕೊಂಡೆನೇ?’ ಎಂದರಂತೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ‘ಬರ ನನಿಗೆ ಬಂತು ಮೇಷ್ಟ್ರೇ, ಪರಿಹಾರ ಅವರಿಗೆ ಬಂತು’ ಎಂದು ಇವನು ನಮ್ಮ ಮುಂದೆ ನಕ್ಕ. ಆ ನಗುವನ್ನು ಕೇಳಿಕೊಂಡು ಕೂರುವುದು ಸುಲಭವಿರಲಿಲ್ಲ.

ಇವನ ಮಗ ನಮ್ಮ ಊರಿನ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊರುತ್ತಾನೆ. ಇವನ ಉದ್ರಿ ಲೆಕ್ಕ ನಮ್ಮ ಊರಿನ ಪೇಟೆಯ ಒಂದು ಅಂಗಡಿಯಲ್ಲಿದೆ. ಇದನ್ನು ಓದುವ ನಿಮಗೂ ಆ ನಾಲ್ಕು ಎಕರೆಗೂ ಇರುವ ಸಂಬಂಧ ಇಷ್ಟೇ ಎಂದುಕೊಳ್ಳಬೇಡಿ, ಇನ್ನೂ ಇದೆ.

ಗಿರಣಿ ಕಾರ್ಮಿಕ ಬಂಧುಗಳಲ್ಲಿ ಕೆಲವರು ನಮ್ಮನ್ನು ಕೇಳಿದ್ದಾರೆ: ‘ಈ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ನಮ್ಮ ಅಪ್ಪಂದಿರಿಗೆ ಹೆಕ್ಟೇರಿಗೆ ಇಷ್ಟೆಂದು ಯಾರು ಕೊಟ್ಟರು? ಮಳೆ ಹೋದರೆ ರೈತನಿಗೆ ಪರಿಹಾರ, ಯಂತ್ರ ನಿಂತರೆ ನಮಗೇನು?’ ಈ ಪ್ರಶ್ನೆಯಲ್ಲಿ ಹುರುಳಿದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. ಆ ಗಿರಣಿಗಳ ಶಿಳ್ಳೆ ನಿಂತ ಮೇಲೆ ಆ ಕುಟುಂಬಗಳು ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆಯೋ ತಳ್ಳುಗಾಡಿಯ ಹಿಂದೆಯೋ ಹೋಗಿ ನಿಂತದ್ದನ್ನು ಬಲ್ಲರು. ಆದರೆ ಕಾರ್ಮಿಕ ಹೋರಾಟದ ಇತಿಹಾಸದಲ್ಲಿಯೇ ಇದಕ್ಕೆ ಒಂದು ಉತ್ತರವಿದೆ. 1953ರಲ್ಲಿ ಕೈಗಾರಿಕಾ ವಿವಾದ ಕಾಯಿದೆಗೆ ತಿದ್ದುಪಡಿ ತಂದು, ಕೆಲಸವಿಲ್ಲವೆಂದು ಮಾಲೀಕ ಕಾರ್ಮಿಕನನ್ನು ಲೇ ಆಫ್ ಮಾಡಿದರೆ ಅರ್ಧ ಸಂಬಳ ಕೊಡಬೇಕೆಂದು ವಿಧಿಸಲಾಯಿತು. ಅದು ಯಾರಿಗೆ? ಮಸ್ಟರ್ ರೋಲಿನಲ್ಲಿ ಹೆಸರಿದ್ದವನಿಗೆ. ಬದಲಿ ಕೆಲಸಗಾರನಿಗೆ ಇಲ್ಲ, ದಿನಗೂಲಿಯವನಿಗೆ ಇಲ್ಲ ಎಂದು ಅದೇ ಕಲಮಿನಲ್ಲಿ ಬರೆದಿತ್ತು. ಅದೇ ಮಗ್ಗದ ಮುಂದೆ ನಿಂತು ಅದೇ ಧೂಳು ಕುಡಿದ ಬದಲಿಯವನು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ.

ಗುತ್ತಿಗೆಯ ರೈತನೆಂದರೆ ಹೊಲದ ಬದಲಿ ಕೆಲಸಗಾರ. ಪಹಣಿ ಅವನ ಪಾಲಿನ ಮಸ್ಟರ್ ರೋಲು. ಅದರಲ್ಲಿ ಅವನ ಹೆಸರಿಲ್ಲ. ಬದಲಿಯವನ ಸಂಕಟ ಏನೆಂಬುದನ್ನು ಗಿರಣಿಯವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ವ್ಯಾಪಾರಿ ಮಿತ್ರರ ಮಾತು ಬೇರೆ. ‘ನಾವು ಕೊಟ್ಟ ತೆರಿಗೆಯೇ ಅಲ್ಲವೇ ಹೀಗೆ ಹಂಚಿ ಹೋಗುವುದು’ ಎಂದು ಅವರು ಗೊಣಗುವುದುಂಟು. ನಾವು ಅವರಿಗೆ ಹೇಳುವುದಿಷ್ಟೆ: ನಿಮ್ಮ ಉದ್ರಿ ಪುಸ್ತಕವನ್ನು ತೆಗೆದು ನೋಡಿ. ಬರದ ವರ್ಷದಲ್ಲಿ ಬಾಕಿ ನಿಂತ ಹೆಸರುಗಳು ಯಾರವು? ಹೊಲವನ್ನು ಗುತ್ತಿಗೆಗೆ ಕೊಟ್ಟು ಪಟ್ಟಣದಲ್ಲಿ ಕುಳಿತವರವಲ್ಲ. ಉಳುಮೆ ಮಾಡಿ ಕೈಸುಟ್ಟುಕೊಂಡವರವು. ಪರಿಹಾರದ ಹಣ ಅವರ ಕೈಗೆ ಬಂದರೆ ಅದು ಮರುದಿನವೇ ಎಣ್ಣೆಗೆ, ಬೆಲ್ಲಕ್ಕೆ, ಮಕ್ಕಳ ಬಟ್ಟೆಗೆ ನಿಮ್ಮ ಅಂಗಡಿಗೇ ಬರುತ್ತದೆ. ಒಡೆಯನ ಖಾತೆಗೆ ಹೋದದ್ದು ಖಾತೆಯಲ್ಲಿಯೇ ಮಲಗುತ್ತದೆ.

ರೈತನ ಖಾತೆಗೆ ಹೋದದ್ದಾದರೂ ಪೂರ್ತಿ ಅವನ ಕೈಗೆ ಬಂದಿತೇ? 2024ರ ಮೇ ತಿಂಗಳಿನಲ್ಲಿ ಹಲವು ಕಡೆ ಬ್ಯಾಂಕುಗಳು ಬರ ಪರಿಹಾರದ ಹಣವನ್ನು ಹಳೆಯ ಸಾಲಕ್ಕೆ ಜಮಾ ಮಾಡಿಕೊಂಡವು. ಹಾಗೆ ಮಾಡಕೂಡದೆಂದು ಸರ್ಕಾರ ಕೂಗಿ ಹೇಳಬೇಕಾಯಿತು. ನೀರು ಕೇಳಿದವನ ಕೈಯಿಂದ ಚೊಂಬನ್ನೇ ಕಿತ್ತುಕೊಂಡ ಹಾಗೆ. ಇನ್ನು ಫ್ರೂಟ್ಸ್ ಎಂಬ ನೋಂದಣಿ, ಅದಕ್ಕೆ ಆಧಾರ್ ಜೋಡಣೆ, ಹೆಸರಿನ ಒಂದಕ್ಷರ ತಪ್ಪಿದರೆ ತಿಂಗಳುಗಟ್ಟಲೆ ಅಲೆದಾಟ, ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದ ಪಹಣಿ ಇವೆಲ್ಲ ಸ್ವಂತ ಭೂಮಿಯವನ ಗೋಳು. ನೋಂದಾಯಿಸಲು ಭೂಮಿಯೇ ಇಲ್ಲದವನಿಗೆ ಈ ಗೋಳಿನ ಭಾಗ್ಯವೂ ಇಲ್ಲ.

ಇಲ್ಲಿ ಒಂದು ಮಾತನ್ನು ನಾವು ಮುಚ್ಚುಮರೆಯಿಲ್ಲದೆ ಹೇಳಬೇಕು. ಅದು ನಮ್ಮವರಿಗೇ ಸ್ವಲ್ಪ ಕಹಿಯಾಗಬಹುದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಕೊಳಗದ ಅಳತೆಯ ಅನ್ಯಾಯದ ವಿರುದ್ಧ ಎದ್ದಾಗ ಸಮಾಜವಾದಿಗಳು ಅವರ ಜೊತೆ ನಿಂತರು. ಶಾಂತವೇರಿ ಗೋಪಾಲಗೌಡರು ಆ ಹೋರಾಟದಲ್ಲಿದ್ದರು, ಡಾ. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಕಾಯಿದೆಯಾಗಿ ಜೀವ ತಳೆಯಲು ಇಪ್ಪತ್ತಮೂರು ವರ್ಷ ಹಿಡಿಯಿತು. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಭೂಮಿ ಸರ್ಕಾರದ ಮೂಲಕ ಗೇಣಿದಾರನಿಗೆ ದಕ್ಕಿತು. ಅದರ ಜೊತೆಗೆ, ಸೈನಿಕರು ನಾವಿಕರಂಥ ಕೆಲವರನ್ನು ಬಿಟ್ಟು, ಮುಂದೆ ಯಾರೂ ಭೂಮಿಯನ್ನು ಗೇಣಿಗೆ ಕೊಡಕೂಡದೆಂದೂ ಆಯಿತು. ಆ ಕಾಯಿದೆ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ. ಅದನ್ನು ನಾವು ಹೆಮ್ಮೆಯಿಂದಲೇ ಹೇಳುತ್ತೇವೆ.

ಆದರೆ ಗೇಣಿ ನಿಂತಿತೇ? ಕಾಗದದಲ್ಲಿ ನಿಂತಿತು. ಹೊಲದಲ್ಲಿ ಅದು ಕೋರು ಎಂದು, ಲಾವಣಿ ಎಂದು, ಪಾಲು ಎಂದು, ಬಾಯಿಮಾತಿನ ಗುತ್ತಿಗೆ ಎಂದು ಹೆಸರು ಬದಲಿಸಿಕೊಂಡು ಬದುಕಿತು. ಕಾಯಿದೆಯ ಕಣ್ಣಿಗೆ ಇಲ್ಲದ ಗುತ್ತಿಗೆಗೆ ಕಾಗದವಿಲ್ಲ. ಕಾಗದವಿಲ್ಲದವನಿಗೆ ಬ್ಯಾಂಕಿನ ಬೆಳೆ ಸಾಲವಿಲ್ಲ, ಪರಿಹಾರವಿಲ್ಲ, 2019ರಲ್ಲಿ ಕೇಂದ್ರ ಆರಂಭಿಸಿದ ಕಿಸಾನ್ ಸಮ್ಮಾನದ ವರ್ಷಕ್ಕೆ 6,000 ರೂಪಾಯಿಯೂ ಇಲ್ಲ. 2020ರಲ್ಲಿ ಕಾಯಿದೆಗೆ ಮತ್ತೆ ಕೈಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಬಾಗಿಲು ತೆರೆದರು. ಪಟ್ಟಣದ ಹಣ ಹಳ್ಳಿಯ ಹೊಲ ಕೊಂಡರೆ ಆ ಹಣವೇನು ನೇಗಿಲು ಹಿಡಿಯುತ್ತದೆಯೇ? ಅಲ್ಲಿಯೂ ಉಳುವವನು ಇನ್ನೊಬ್ಬನೇ.

ವಿನೋದವೆಂದರೆ, ಪಹಣಿಯಲ್ಲಿ ಸಾಗುವಳಿದಾರನಿಗೆಂದು ಒಂದು ಜಾಗ ಇದ್ದೇ ಇದೆ. ಒಂಬತ್ತನೆಯ ಕಲಮಿನಲ್ಲಿ ಒಡೆಯನ ಹೆಸರು, ಹನ್ನೆರಡನೆಯ ಕಲಮಿನಲ್ಲಿ ಸಾಗುವಳಿ ಮಾಡುವವನ ಹೆಸರು. 1974ರಲ್ಲಿ ಎಷ್ಟೋ ಗೇಣಿದಾರರಿಗೆ ಭೂಮಿ ದೊರಕಿಸಿಕೊಟ್ಟ ಸಾಕ್ಷಿ ಆ ಹನ್ನೆರಡನೆಯ ಕಲಮೇ. ಆದುದರಿಂದಲೇ ಒಡೆಯರಿಗೆ ಅದರ ಹೆದರಿಕೆ ಇಂದಿಗೂ ಹೋಗಿಲ್ಲ. ಬೇರೆಯವನ ಹೆಸರು ಅದರಲ್ಲಿ ಸೇರಿತೆಂದರೆ ಭೂಮಿ ಹೋಯಿತೆಂದೇ ತಿಳಿಯುತ್ತಾರೆ. ಎರಡು ಎಕರೆಯ ವಿಧವೆ, ಕೈಲಾಗದ ಮುದುಕ ಕೂಡ ಹೀಗೆಯೇ ಅಂಜುತ್ತಾರೆ. ಅವರನ್ನು ಜಮೀನ್ದಾರರೆಂದು ಬೈಯುವುದು ಮೂರ್ಖತನ. ಅವರ ಹೊಲವನ್ನು ಗುತ್ತಿಗೆಗೆ ಹಿಡಿದವನು ಎರಡು ಟ್ರ್ಯಾಕ್ಟರಿನ ಕುಳವೂ ಆಗಿರಬಹುದು. ಹಳ್ಳಿಯ ಸಂಬಂಧಗಳು ನಮ್ಮ ಕರಪತ್ರಗಳಷ್ಟು ನೇರವಾಗಿಲ್ಲ.

ಹಾಗಿದ್ದರೂ ಪ್ರಶ್ನೆ ತೊಡಕಿನದಲ್ಲ. ಸರ್ಕಾರವೇ ಈ ಹಣಕ್ಕೆ ಇಟ್ಟಿರುವ ಹೆಸರು ಇನ್‌ಪುಟ್ ಸಬ್ಸಿಡಿ. ಅಂದರೆ ಬೀಜ ಗೊಬ್ಬರಗಳಿಗೆ ಹಾಕಿ ಕಳೆದುಕೊಂಡ ಬಂಡವಾಳಕ್ಕೆ ಸಹಾಯ. ಬಂಡವಾಳ ಹಾಕಿದವನು ಯಾರು ಎಂಬುದಷ್ಟೇ ಕೇಳಬೇಕಾದದ್ದು. ಭೂಮಿ ಯಾರದ್ದೆಂಬ ವ್ಯಾಜ್ಯವನ್ನು ಇದಕ್ಕೆ ಗಂಟು ಹಾಕಬೇಕಾಗಿಲ್ಲ. ಬರದಲ್ಲಿ ಭೂಮಿಗೇನೂ ನಷ್ಟವಾಗಿಲ್ಲ, ಅದು ಇದ್ದಲ್ಲಿಯೇ ಇದೆ. ಮುಂಗಡ ಗುತ್ತಿಗೆ ಪಡೆದ ಒಡೆಯನಿಗೂ ಆ ವರ್ಷ ನಷ್ಟವಾಗಿಲ್ಲ.

ಬೇರೆ ರಾಜ್ಯಗಳನ್ನು ನೋಡೋಣ. ಪಶ್ಚಿಮ ಬಂಗಾಳದಲ್ಲಿ 1978ರಿಂದ ಬರ್ಗಾದಾರರ ಹೆಸರು ದಾಖಲಿಸುವ ಕಾರ್ಯಾಚರಣೆ ನಡೆಯಿತು. ಅಧಿಕಾರಿಗಳು ಕಚೇರಿಯಲ್ಲಿ ಕುಳಿತು ಅರ್ಜಿಗೆ ಕಾಯದೆ ಸಂಜೆಯ ಹೊತ್ತು ಹಳ್ಳಿಗೇ ಹೋಗಿ, ಪಾಲುದಾರರನ್ನು ಗುಂಪಾಗಿ ಕೂರಿಸಿಕೊಂಡು ವಿಚಾರಿಸಿದರು. ಒಬ್ಬನೇ ಬಂದು ಹೇಳಲು ಹೆದರುವವನು ಹತ್ತು ಜನರ ನಡುವೆ ಬಾಯಿಬಿಟ್ಟ. ಒಡಿಶಾ ಸರ್ಕಾರ ರೈತರಿಗೆ ನೆರವು ಕೊಡಲು ತಂದ ಕಾಲಿಯಾ ಯೋಜನೆಯಲ್ಲಿ ಪಾಲುದಾರರನ್ನೂ ಭೂಹೀನರನ್ನೂ ಸೇರಿಸಿಕೊಂಡಿತು. ಆಂಧ್ರ 2019ರಲ್ಲಿ ಕಾಯಿದೆ ಮಾಡಿ ಗುತ್ತಿಗೆಯ ರೈತನಿಗೆ ಹನ್ನೊಂದು ತಿಂಗಳ ಚೀಟಿ ಕೊಡುವ ಏರ್ಪಾಟು ಮಾಡಿತು. ಒಡೆಯನ ಒಪ್ಪಿಗೆಯ ರುಜು ಬೇಕೆಂಬ ಷರತ್ತು ಅದರ ಕಾಲಿಗೆ ಕಲ್ಲಾಯಿತು. ತೆಲಂಗಾಣದ ರೈತುಬಂಧು 2018ರಲ್ಲಿ ಎಕರೆಗೆ ಬೆಳೆಗೊಮ್ಮೆ 4,000 ರೂಪಾಯಿಯಂತೆ ಪಟ್ಟಾದಾರನಿಗೆ ಕೊಟ್ಟು, ಕೌಲುದಾರನನ್ನು ಹೊರಗೇ ನಿಲ್ಲಿಸಿತು. ನಾವು ಯಾರ ದಾರಿ ಹಿಡಿಯಬೇಕು, ಯಾರ ತಪ್ಪಿನಿಂದ ಕಲಿಯಬೇಕು ಎಂಬುದಕ್ಕೆ ಪಾಠಗಳು ಕಣ್ಣ ಮುಂದಿವೆ.

ನಮ್ಮ ರಾಜ್ಯದಲ್ಲಿ ಬೆಳೆ ಸಮೀಕ್ಷೆಗೆಂದು ಹಳ್ಳಿಯ ಹುಡುಗರೇ ಮೊಬೈಲ್ ಹಿಡಿದು ಸರ್ವೆ ನಂಬರಿನ ಮೇಲೆ ನಿಂತು ಬೆಳೆಯ ಚಿತ್ರ ತೆಗೆಯುತ್ತಾರೆ. ಜೋಳವೋ ಶೇಂಗಾವೋ ಎಂದು ಬರೆದುಕೊಳ್ಳುವ ಆ ಹುಡುಗ, ಬಿತ್ತಿದವನ ಹೆಸರೇನೆಂದೂ ಬರೆದುಕೊಂಡರೆ ಸರ್ಕಾರದ ಗಂಟೇನು ಹೋಗುತ್ತದೆ? ಹಾಗೆ ಬರೆದ ಹೆಸರುಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ತಕರಾರಿದ್ದರೆ ಅಲ್ಲಿಯೇ ಎತ್ತಲಿ. ಯಾವ ಹೊಲವನ್ನು ಯಾರು ಉಳುತ್ತಾರೆಂಬುದು ಊರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿಲ್ಲ. ಆದುದರಿಂದ ಒಡೆಯನ ರುಜುವಿನ ಷರತ್ತು ಬೇಡ, ಊರಿನ ಸಾಕ್ಷಿ ಸಾಕು. ಅದರ ಮೇಲೆ ಪಂಚಾಯಿತಿ ಒಂದು ಬೆಳೆಗೆ ಮಾತ್ರ ನಿಲ್ಲುವ ಸಾಗುವಳಿ ಚೀಟಿ ಕೊಡಲಿ. ಈ ಚೀಟಿ ಪರಿಹಾರಕ್ಕೆ, ವಿಮೆಗೆ, ಬೆಳೆ ಸಾಲಕ್ಕೆ ಮಾತ್ರ, ಭೂಮಿಯ ಹಕ್ಕಿಗೆ ಇದು ಸಾಕ್ಷಿಯಲ್ಲ ಎಂದು ಕಾಯಿದೆಯಲ್ಲಿಯೇ ಸ್ಪಷ್ಟವಾಗಿ ಬರೆಯಲಿ. ಕೊನೆಯ ಮಾತನ್ನು ಹೇಳುವಾಗ ಕಾಗೋಡಿನ ಹಿರಿಯರ ನೆನಪು ನಮ್ಮನ್ನು ಚುಚ್ಚುತ್ತದೆ. ಆದರೆ ಭೂಮಿಯ ಹಕ್ಕಿನ ಹೋರಾಟ ಮುಗಿಯುವವರೆಗೆ ಗುತ್ತಿಗೆಯವನು ಬರಗಾಲದಲ್ಲಿ ಬರಿಗೈಯಲ್ಲಿರಲಿ ಎಂದು ಹೇಳುವ ಅಧಿಕಾರ ನಮಗಿಲ್ಲ.

ಹಣ ಹೆಚ್ಚಿಸುವುದು ಸರ್ಕಾರಕ್ಕೆ ಆಗದ ಮಾತಲ್ಲ. 2021ರ ಅತಿವೃಷ್ಟಿಯಲ್ಲಿ ಮಳೆಯಾಶ್ರಿತ ಬೆಳೆಗೆ ಆಗಿದ್ದ 6,800 ರೂಪಾಯಿಯ ದರವನ್ನು ರಾಜ್ಯವೇ ಎರಡರಷ್ಟು ಮಾಡಿತು. 2025ರಲ್ಲಿ ಕಲ್ಯಾಣ ಕರ್ನಾಟಕದ ಕಡೆ ಭೀಮೆ ಉಕ್ಕಿ ಹೊಲಗಳು ಮುಳುಗಿದಾಗ ಹೆಕ್ಟೇರಿಗೆ 8,500 ರೂಪಾಯಿ ತನ್ನ ಕಡೆಯಿಂದ ಸೇರಿಸುವುದಾಗಿ ಸಾರಿತು. ಒಳ್ಳೆಯದೇ. ಆದರೆ ಕಾಲುವೆಗೆ ಎಷ್ಟೇ ನೀರು ಬಿಟ್ಟರೂ ತೂಬು ಇರುವ ಗದ್ದೆಗೆ ತಾನೇ ಅದು ಹರಿಯುವುದು? ಹೆಚ್ಚಿಸಿದ ಹಣವೂ ಪಹಣಿಯ ದಾರಿಯನ್ನೇ ಹಿಡಿದರೆ ಗುತ್ತಿಗೆಯವನಿಗೆ ಅದರಿಂದ ಬಂದದ್ದೇನು?

ಆ ರೈತನ ಊರೂ ಹೆಸರೂ ಏಕೆ ಬೇಡವೆಂದೆವೋ ಅದನ್ನು ಈಗ ಹೇಳುತ್ತೇವೆ. ಈ ಬೇಡಿಕೆಯನ್ನೆಲ್ಲ ಒಂದು ಅರ್ಜಿಯಾಗಿ ಬರೆದು ನಾವು ಅವನ ಮುಂದಿಟ್ಟೆವು. ಅವನು ಪೂರ್ತಿ ಕೇಳಿದ; ಎರಡು ಕಡೆ ತಿದ್ದಿಸಿದ ಕೂಡ. ರುಜು ಹಾಕೆಂದಾಗ ಮಾತ್ರ ಕೈ ಹಿಂದಕ್ಕೆ ತೆಗೆದ. ‘ಈ ಸುದ್ದಿ ಅವರ ಕಿವಿಗೆ ಬಿದ್ರೆ ಬರೋ ಯುಗಾದಿಗೆ ಹೊಲ ಬೇರೆಯವರಿಗೆ ಹೋಗುತ್ತೆ ಮೇಷ್ಟ್ರೇ. ನಾಲ್ಕು ಎಕರೆ ಇದ್ರೆ ಪರಿಹಾರ ಇಲ್ದೆ ಹೋದ್ರೂ ಒಂದು ವರ್ಷ ಮಳೆ ಆಗುತ್ತೆ’ ಎಂದ. ಅದೇ ಊರಿನಲ್ಲಿ ಇನ್ನೂ ಆರು ಮಂದಿ ಗುತ್ತಿಗೆಯವರನ್ನು ಕಂಡೆವು. ಆರು ಮಂದಿಯೂ ಅದನ್ನೇ ಹೇಳಿದರು.

ಆದುದರಿಂದ ಈ ಅರ್ಜಿಗೆ ರುಜು ಹಾಕಬೇಕಾದವರು ಹೊಲ ಕಿತ್ತುಕೊಳ್ಳುವ ಭಯವಿಲ್ಲದವರು: ಗಿರಣಿಗಳಲ್ಲಿ ದುಡಿಯುವ ಅವರ ಮಕ್ಕಳು, ಅವರಿಗೆ ಉದ್ರಿ ಕೊಟ್ಟು ಕುಳಿತ ಅಂಗಡಿಯವರು. ಅರ್ಜಿಯ ಹಾಳೆಗಳು ಯೂನಿಯನ್ ಕಚೇರಿಯಲ್ಲಿಯೂ ಈ ಪತ್ರಿಕೆಯ ಮುದ್ರಣಾಲಯದಲ್ಲಿಯೂ ಇವೆ. ಭಾನುವಾರ ಬೆಳಿಗ್ಗೆ ಪಾಳಿ ಬಿಡುವ ಹೊತ್ತಿಗೆ ನಮ್ಮ ಕಾರ್ಯಕರ್ತರು ಗಿರಣಿ ಬಾಗಿಲುಗಳಲ್ಲಿ, ಸಂತೆಯ ದಿನ ಪೇಟೆ ಬೀದಿಯಲ್ಲಿ ಇರುತ್ತಾರೆ. ಹಬ್ಬಕ್ಕೆ ಊರಿಗೆ ಹೋಗುವ ಗಿರಣಿ ಬಂಧುಗಳು ಒಂದೊಂದು ಹಾಳೆ ಜೊತೆಗೆ ಒಯ್ದು, ನಿಮ್ಮ ಊರಿನಲ್ಲಿ ಯಾವ ಹೊಲ ಯಾರ ಹೆಸರಿನಲ್ಲಿದೆ, ಉಳುವವರು ಯಾರು ಎಂಬುದನ್ನು ಹೆಸರು ಹೊರಬೀಳದಂತೆ ಬರೆದು ತಂದುಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಜಿಲ್ಲಾಧಿಕಾರಿಗಳ ಮುಂದೆ ನಾವು ಇಡಬೇಕಾಗಿರುವುದು ಆ ಲೆಕ್ಕವನ್ನೇ.